ಎದುರಿನಿಂದ ಬಂದ ಮನುಷ್ಯ

ಗಾಜು ಕೂರಿಸುವವರಲ್ಲಿ ಒಂದು ರೂಢಿ ಇದೆ. ಹೊಸ ಗಾಜನ್ನು ಚೌಕಟ್ಟಿಗೆ ಕೂರಿಸಿದ ಕೂಡಲೇ ಅದರ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಒಂದು ಕತ್ತರಿ ಗುರುತು ಎಳೆಯಬೇಕು. ಇಲ್ಲಿ ಗಾಜಿದೆ, ಇದು ಖಾಲಿ ಜಾಗವಲ್ಲ, ದಯವಿಟ್ಟು ಇದರೊಳಗೆ ನಡೆದುಕೊಂಡು ಹೋಗಬೇಡಿ ಎಂದು ಅದರ ಅರ್ಥ. ಸುಣ್ಣದ ಡಬ್ಬಿ ಮತ್ತು ಒಂದು ಹಳೆಯ ಕುಂಚ ಇಲ್ಲದೆ ಯಾವ ಗಾಜಿನವನೂ ಅಂಗಡಿ ಬಿಟ್ಟು ಹೊರಡುವುದಿಲ್ಲ.

ಈ ರೂಢಿಯನ್ನು ಮೋಡಣ್ಣ ಒಂದೇ ಒಂದು ಸಲ ಮುರಿದ. ಒಂದು ಇಡೀ ಬೀದಿ ಹಿಂದಕ್ಕೆ ನೋಡುತ್ತಾ ಮುಂದಕ್ಕೆ ನಡೆಯುವಂತಾಗಲು ಅಷ್ಟೇ ಸಾಕಾಯಿತು.

ಹೆತ್ತವರು ಅವನಿಗೆ ಬೇರೆ ಒಳ್ಳೆಯ ಹೆಸರನ್ನೇ ಇಟ್ಟಿದ್ದರು. ಕರೆಯುವವರಿಲ್ಲದೆ ಅದು ಪೆಟ್ಟಿಗೆಯಲ್ಲಿಟ್ಟ ಮದುವೆಯ ಬೂಟಿನಂತೆ ಹೊಸದಾಗಿಯೇ ಉಳಿದುಬಿಟ್ಟಿತ್ತು. ನಡೆಯುವಾಗ ಅವನ ಕಣ್ಣು ಯಾವಾಗಲೂ ಮೇಲೆ. ಆಕಾಶದಲ್ಲಿ ಒಂದು ತುಂಡು ಮೋಡ ಕಂಡರೆ ಸಾಕು, ಕಾಲುಗಳನ್ನು ಅವುಗಳ ಪಾಡಿಗೆ ಬಿಟ್ಟು ಅವನು ಮೇಲೆ ಹೊರಟುಬಿಡುತ್ತಿದ್ದ. ಅವನ ಹೆಂಡತಿ ಮದುವೆಯಾದ ಹೊಸತರಲ್ಲಿ ಇದನ್ನು ಗಾಂಭೀರ್ಯ ಎಂದುಕೊಂಡಿದ್ದಳು. ಆಮೇಲೆ ಅವಳಿಗೆ ನಿಜ ಗೊತ್ತಾಯಿತು. ಅಷ್ಟರಲ್ಲಿ ತಡವಾಗಿತ್ತು.

ಮೋಡಗಳ ಲೆಕ್ಕ ಕೇಳುವವರು ಪ್ರಪಂಚದಲ್ಲಿ ಅವನಿಗೆ ಒಬ್ಬರೇ ಇದ್ದರು. ಅದು ಅವನ ಅತ್ತೆ, ಹೆಂಡತಿಯ ತಾಯಿ. ಅವರ ಕಣ್ಣು ಮಬ್ಬಾಗಿ ಬಹಳ ಕಾಲವಾಗಿತ್ತು. ಬೆಳಕು ಯಾವ ಕಡೆಗಿದೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಆದರೂ ದಿನಾ ಸಂಜೆ ಮಡಚಿದ ಛತ್ರಿಯನ್ನು ಕೋಲಿನಂತೆ ಊರಿಕೊಂಡು, ಟಕ್ ಟಕ್ ಎನ್ನಿಸುತ್ತಾ ಬೀದಿಯ ಕೊನೆಯಲ್ಲಿರುವ ಕಲ್ಲುಬೆಂಚಿನ ತನಕ ಒಬ್ಬರೇ ಹೋಗಿ, ಪಕ್ಕದ ಬೀದಿಯ ಗೆಳತಿಯೊಂದಿಗೆ ಹರಟೆ ಹೊಡೆದು, ಒಬ್ಬರೇ ವಾಪಸು ಬರುತ್ತಿದ್ದರು. ಬಂದ ಮೇಲೆ ಕುರ್ಚಿಯಲ್ಲಿ ಕೂತು, "ಅಳಿಯಂದ್ರೇ, ಇವತ್ತು ಮೇಲೆ ಏನೇನಿತ್ತು?" ಎಂದು ಕೇಳುತ್ತಿದ್ದರು. ಮೋಡಣ್ಣ ಹೇಳುತ್ತಿದ್ದ. ಅಂಚು ಹರಿದ ಹಾಸಿಗೆಯಂಥದ್ದು ಒಂದು, ಬೆನ್ನು ತಿರುಗಿಸಿ ಮಲಗಿದ ಕುರಿಯಂಥದ್ದು ಒಂದು. "ಕುರಿ ಬಿಳಿಯದಾ, ಕೊಳೆಯಾಗಿತ್ತಾ?" ಎಂದು ಅವರು ಕೇಳುತ್ತಿದ್ದರು. ಅಳಿಯನೊಬ್ಬನಿಗೆ ಅತ್ತೆ ಕೊಡಬಹುದಾದ ಮರ್ಯಾದೆ ಇದಕ್ಕಿಂತ ದೊಡ್ಡದಿಲ್ಲ.

ಅದೇ ಬೀದಿಯ ಕೊನೆಯಲ್ಲಿ, ಬೆಂಚಿನ ಪಕ್ಕದಲ್ಲೇ, ಹೊಸದಾಗಿ ಬಂದ ಹಲ್ಲಿನ ಡಾಕ್ಟರು ಒಂದು ಕ್ಲಿನಿಕ್ ಕಟ್ಟಿಸಿದರು. ಬೀದಿಗೇ ಮುಖ ಮಾಡಿದ ಅದರ ಮುಂಬಾಗಿಲಿಗೆ ಆಳೆತ್ತರದ ಒಂದೇ ಗಾಜು. ಕೂರಿಸುವ ಕೆಲಸ ಮೋಡಣ್ಣನ ಪಾಲಿಗೆ ಬಂತು. ಹೊರಡುವಾಗ ಗಾಜಿನಂಗಡಿಯ ಯಜಮಾನರು ಎಂದಿನಂತೆ ಎಚ್ಚರಿಸಿದರು.

"ಸುಣ್ಣ ತಗೊಂಡ್ಯಾ?"

"ತಗೊಂಡೆ."

"ಬರೀ ತಗೊಂಡ್ರೆ ಸಾಲದು, ಹಚ್ಚಬೇಕು. ಗಿರಾಕಿ ಡಿಕ್ಕಿ ಹೊಡೆದ್ರೆ ಗಾಜಿನ ತಪ್ಪು ಅನ್ಬಹುದು. ಗಾಜಿನವನೇ ಡಿಕ್ಕಿ ಹೊಡೆದ್ರೆ ಅವನು ಈ ಕಸುಬು ಬಿಟ್ಟು ಬೇರೆ ಏನಾದ್ರೂ ನೋಡ್ಕೋಬೇಕು. ನನ್ನ ಅಂಗಡಿಯಲ್ಲಂತೂ ಅವನಿಗೆ ಜಾಗ ಇಲ್ಲ."

ಮೋಡಣ್ಣ ಗಾಜು ಕೂರಿಸಿದ. ಸುಣ್ಣದ ಗುರುತನ್ನೂ ಎಳೆದ. ಎಳೆದು ರಸ್ತೆಯಾಚೆ ನಿಂತು ನೋಡಿದರೆ, ಗಾಜಿನ ತುಂಬ ಆಕಾಶ ಬಂದು ಕೂತಿತ್ತು. ಅದರ ನಡುವೆ ಒಂದು ಮೋಡ. ಸಾಮಾನ್ಯ ಮೋಡವಲ್ಲ. ಇನ್ನೇನು ಕಡಲಿಗಿಳಿಯಬೇಕೆಂದು ಹೊರಟು ಮನಸ್ಸು ಬದಲಾಯಿಸಿದ ದೋಣಿಯಂತಿತ್ತು. ಅಂಥ ದೋಣಿಯ ಮೇಲೆ ಅಡ್ಡಡ್ಡ ಸುಣ್ಣ! ತನ್ನ ಕೆಲಸಕ್ಕೆ ತಾನೇ ಮಸಿ ಬಳಿದಂತೆ ಅವನಿಗೆ ಅನ್ನಿಸಿತು. ಓಡಿಹೋಗಿ ಒದ್ದೆ ಬಟ್ಟೆಯಲ್ಲಿ ಗುರುತನ್ನು ಒರೆಸಿದ. ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿದ. ಗಾಜು ಇದೆಯೋ ಇಲ್ಲವೋ ಎನ್ನುವಷ್ಟು ಸ್ವಚ್ಛವಾಯಿತು. ಮತ್ತೆ ರಸ್ತೆಯಾಚೆ ನಿಂತು ತೃಪ್ತಿಯಿಂದ ನೋಡಿದ. ಸುಣ್ಣದ ಡಬ್ಬಿಯನ್ನು ಬಾಗಿಲ ಬುಡದಲ್ಲೇ ಬಿಟ್ಟುಬಂದದ್ದು ಆಗ ನೆನಪಾಯಿತು. ದೋಣಿಯ ಮೇಲಿಟ್ಟ ಕಣ್ಣನ್ನು ತೆಗೆಯದೆ ಅದನ್ನು ತರಲು ಹೊರಟ.

ಕೊನೆಯ ಗಳಿಗೆಯಲ್ಲಿ ದೋಣಿಯೊಳಗಿಂದ ಒಬ್ಬ ಮನುಷ್ಯ ಎದುರಿಗೆ ಬಂದ.

ಗಾಜಿಗೆ ಏನೂ ಆಗಲಿಲ್ಲ. ಒಳ್ಳೆಯ ಗಾಜು.

ಮೂಗನ್ನು ಹಿಡಿದುಕೊಂಡು, ಡಬ್ಬಿಯನ್ನು ಎತ್ತಿಕೊಂಡು ಮೋಡಣ್ಣ ಮನೆಯ ದಾರಿ ಹಿಡಿದ. ಮೂಗು ಆಗಲೇ ಮುಖದ ಉಳಿದ ಭಾಗಗಳನ್ನು ಕೇಳದೆ ತನ್ನಷ್ಟಕ್ಕೆ ಬೆಳೆಯತೊಡಗಿತ್ತು. ದಾರಿಯಲ್ಲಿ ದರ್ಜಿಯ ಅಂಗಡಿ. ಈ ದರ್ಜಿ ಬಟ್ಟೆಗೆ ಹೊಲಿಗೆ ಹಾಕುವುದಕ್ಕಿಂತ ಹೆಚ್ಚಾಗಿ ಬೀದಿಯ ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೆ ಸೇರಿಸಿ ಹೊಲಿಯುವವನು.

"ಅಯ್ಯೋ ಮೋಡಣ್ಣ! ಏನಾಯ್ತು ಮೂಗಿಗೆ?"

ಮೋಡಣ್ಣನಿಗೆ ಯಜಮಾನರ ಮಾತು ನೆನಪಾಯಿತು. ನಾಲಗೆ ತೊದಲಿತು. "ಅದು... ಒಬ್ಬ... ಎದುರಿಗೆ ಬಂದ..."

"ಬಂದು?"

"ಬಂದು..."

"ಹೊಡೆದುಬಿಟ್ನಾ?"

ಇಲ್ಲ ಎನ್ನಬೇಕು ಎಂದು ಮೋಡಣ್ಣ ಬಾಯಿ ತೆರೆದ. ಮೂಗು ನೋಯುತ್ತಿದ್ದುದರಿಂದ ಬಾಯಿಂದ ಹೊರಟದ್ದು "ಹ್ಞೂಂ" ಎಂಬ ಒಂದು ನರಳಿಕೆ ಮಾತ್ರ. ಪ್ರಪಂಚದಲ್ಲಿ ಎಷ್ಟೋ ದೊಡ್ಡ ಸುಳ್ಳುಗಳು ಹೀಗೆ ಅರ್ಧ ಅಕ್ಷರದಲ್ಲೇ ಹುಟ್ಟಿರಬೇಕು.

ಅವನು ಮನೆ ತಲುಪುವ ಮೊದಲೇ ಸುದ್ದಿ ಮನೆ ತಲುಪಿತ್ತು. ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಯಾರ್ರೀ ಅವನು? ನೀವು ಅವನಿಗೇನು ಮಾಡಿದ್ರಿ?" ಎಂದು ಅತ್ತಳು. ಅತ್ತೆ ಕುರ್ಚಿಯಿಂದಲೇ, "ಮೊದಲು ಒದ್ದೆ ಬಟ್ಟೆ ಇಡು, ಆಮೇಲೆ ಅಳು" ಎಂದರು. ಬೀದಿಯ ಮುಕ್ಕಾಲು ಜನ ಜಗಲಿಯ ಮೇಲಿದ್ದರು. ಅವರ ನಡುವೆ ದಾರಿ ಮಾಡಿಕೊಂಡು ಠಾಣೆಯ ಪೇದೆಯವರೂ ಬಂದರು. ತುಂಬಾ ದಿನದಿಂದ ಆ ಬೀದಿಯಲ್ಲಿ ಏನೂ ನಡೆಯದೆ ಅವರಿಗೆ ಬೇಸರವಾಗಿತ್ತು.

"ಎತ್ತರ ಎಷ್ಟಿದ್ದ?" ಪೇದೆಯವರು ಕೇಳಿದರು.

ಮೋಡಣ್ಣ ಹುಟ್ಟಾ ಸುಳ್ಳುಗಾರನಲ್ಲ. ಕಂಡದ್ದನ್ನು ಕಂಡಂತೆ ಹೇಳುವುದಷ್ಟೇ ಅವನಿಗೆ ಗೊತ್ತಿತ್ತು. "ನನ್ನಷ್ಟೇ."

"ಬಟ್ಟೆ?"

"ನೀಲಿ ಅಂಗಿ. ನನ್ನದರ ಹಾಗೇ."

"ಕೈಯಲ್ಲಿ ಏನಿತ್ತು?"

"ಎಡಗೈಯಲ್ಲಿ ಒಂದು ಒರೆಸೋ ಬಟ್ಟೆ."

"ಎಡಚ!" ಎಂದರು ಪೇದೆಯವರು. "ಬೆರಳಚ್ಚು ಒರೆಸೋಕೆ ಬಟ್ಟೆ ಬೇರೆ. ಪಳಗಿದ ಕೈ. ಏನಾದ್ರೂ ಮಾತಾಡಿದ್ನಾ?"

"ಬಾಯಿ ತೆರೆದ. ಶಬ್ದ ಬರ್ಲಿಲ್ಲ."

ಸುದ್ದಿಪತ್ರಿಕೆಯನ್ನು ಮೂಲೆಯಿಂದ ಮೂಲೆಗೆ ಓದುವ ನಿವೃತ್ತ ಮೇಷ್ಟ್ರು ಗಂಟಲು ಸರಿಪಡಿಸಿಕೊಂಡರು. "ಮಾತಾಡದೆ ಹೊಡೆಯುವವರೇ ಅಪಾಯ. ಬೈದು ಹೊಡೆಯುವವನಿಗೆ ಎಲ್ಲೋ ಒಂದು ಕಡೆ ಮನಸ್ಸಿರುತ್ತೆ."

ಪೇದೆಯವರು ಸ್ಥಳ ಪರಿಶೀಲನೆಗೆ ಹೊರಟರು. ಬ್ರೆಡ್ ಅಂಗಡಿಯ ತನಕ ಹೋಗಿ, ಅಲ್ಲಿಂದ ಹಣೆಗೆ ಕೈ ಅಡ್ಡ ಹಿಡಿದು ಬೀದಿಯ ಕೊನೆಯನ್ನು ನೋಡಿ, ಸ್ಥಳ ಇದ್ದಲ್ಲಿಯೇ ಇದೆ ಎಂದು ಖಚಿತಪಡಿಸಿಕೊಂಡು ವಾಪಸಾದರು. ಆವತ್ತಿನಿಂದ ಆ ಕೊನೆಗೆ ಯಾರೂ ಹೋಗಕೂಡದು ಎಂದು ಅಪ್ಪಣೆಯಾಯಿತು. ಹಲ್ಲಿನ ಡಾಕ್ಟರು ಹೊಸ ಕುರ್ಚಿಯ ಪಕ್ಕದಲ್ಲಿ ಬಿಳಿ ಕೋಟು ತೊಟ್ಟು, ದೀಪ ಆರಿಸಿ, ಇಡೀ ಊರಿನ ಹಲ್ಲೆಲ್ಲ ಇದ್ದಕ್ಕಿದ್ದಂತೆ ಗಟ್ಟಿಯಾದದ್ದು ಹೇಗೆಂದು ಯೋಚಿಸುತ್ತಾ ಕೂತರು.

ಮಾರನೆಯ ದಿನ ದರ್ಜಿಯ ಅಂಗಡಿಯಲ್ಲಿ ಸಭೆ. ಪೆಟ್ಟು ತಿಂದ ಒಬ್ಬನೇ ಅನುಭವಸ್ಥ ಎಂಬ ಕಾರಣಕ್ಕೆ ಮೋಡಣ್ಣನನ್ನು ಇಸ್ತ್ರಿ ಮೇಜಿನ ಮೇಲೆ ಕೂರಿಸಿದರು. ಬೀದಿಯಲ್ಲಿ ನಡೆಯುವಾಗ ಸುತ್ತಮುತ್ತ ಹೇಗೆ ಗಮನ ಇಡಬೇಕು ಎಂದು ಅವನು ತಿಳಿಸಿಕೊಡಬೇಕಂತೆ. ಹುಟ್ಟಿದಾಗಿನಿಂದ ಯಾರೂ ಅವನಿಂದ ಏನನ್ನೂ ಕಲಿಯಲು ಬಂದಿರಲಿಲ್ಲ. ಎಲ್ಲರೂ ಬಾಯಿ ತೆರೆದು ತನ್ನನ್ನೇ ನೋಡುತ್ತಿರುವುದನ್ನು ಕಂಡು ಅವನಿಗೆ ಒಳಗೊಳಗೇ ಗಾಳಿ ತುಂಬಿತು.

"ಆಗಾಗ ಹಿಂದೆ ತಿರುಗಿ ನೋಡ್ಬೇಕು," ಎಂದ.

"ಆಗಾಗ ಅಂದ್ರೆ?" ಮೇಷ್ಟ್ರು ಕೇಳಿದರು.

"ಆದಷ್ಟು ಹೆಚ್ಚು."

"ಎಡಕ್ಕೆ?"

"ಎಡಕ್ಕೂ ನೋಡ್ಬೇಕು. ಬಲಕ್ಕೂ. ಮೇಲಂತೂ ನೋಡ್ಲೇಬೇಕು."

ಎದುರಿಗೆ ನೋಡಬೇಕೆ ಎಂದು ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಫಲ ಕೂಡಲೇ ಕಾಣಿಸಿತು. ಸಭೆ ಮುಗಿದು ಬಾಗಿಲು ಹಾಕಲು ಹೊರಟ ದರ್ಜಿ, ಹಿಂದೆ ತಿರುಗಿ ನೋಡುತ್ತಾ ತನ್ನದೇ ಅಂಗಡಿಯ ಮೆಟ್ಟಿಲನ್ನು ಮರೆತು ಕಾಲು ಉಳುಕಿಸಿಕೊಂಡ. ಅಪ್ಪನ ಕಾಲದಿಂದ ಹತ್ತಿ ಇಳಿದ ಮೆಟ್ಟಿಲದು. ಜನ ಸೇರಿದರು. ಏನಾಯಿತು ಎಂದರು. ದರ್ಜಿ ಮೆಟ್ಟಿಲನ್ನೊಮ್ಮೆ ನೋಡಿದ, ಜನರನ್ನೊಮ್ಮೆ ನೋಡಿದ.

"ಅವನೇ," ಎಂದ. "ಹಿಂದಿನಿಂದ ನೂಕಿ ಓಡಿದ."

ಎರಡು ದಿನ ಬಿಟ್ಟು ಮೇಷ್ಟ್ರ ಹಣೆ ಊದಿತು. ಬ್ರೆಡ್ ಅಂಗಡಿಯ ಷಟರ್ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅರ್ಧ ಇಳಿದಿರುತ್ತದೆ. ಮೇಷ್ಟ್ರು ಎಡಬಲ ಸರಿಯಾಗಿ ನೋಡಿಕೊಂಡೇ ಒಳಗೆ ಹೋಗಿದ್ದರು. ಇಡೀ ಜೀವನ ಇನ್ನೊಬ್ಬರಿಗೆ ಪಾಠ ಹೇಳಿದ ಮನುಷ್ಯ ಷಟರ್‌ಗೆ ತಲೆ ಕೊಟ್ಟೆ ಎಂದು ಹೇಳುವುದುಂಟೆ? "ದೊಣ್ಣೆ," ಎಂದರು ಅವರು ಕಣ್ಣು ಮುಚ್ಚಿಕೊಂಡು. "ಉದ್ದನೆಯದು. ಕಬ್ಬಿಣದ್ದೇ ಇರಬೇಕು. ಮತ್ತೆ ಅವನು ಮೋಡಣ್ಣನಷ್ಟು ಕುಳ್ಳ ಅಲ್ಲ, ಮೋಡಣ್ಣ ಸರಿಯಾಗಿ ನೋಡಿಲ್ಲ. ಆರಡಿ ಇದ್ದಾನೆ."

ಆಮೇಲೆ ಪೇದೆಯವರ ಸರದಿ. ಚರಂಡಿಯ ಮೇಲಿನ ಚಪ್ಪಡಿ ಒಂದು ಕಡೆಯಿಂದ ಆಡುತ್ತಿತ್ತು. ಪೇದೆಯವರು ಮಹಡಿಗಳ ಮೇಲೆ ಕಣ್ಣಿಟ್ಟು ಗಸ್ತು ತಿರುಗುತ್ತಾ ಅದರ ಮೇಲೆ ಕಾಲಿಟ್ಟರು. ಮೊಣಕಾಲು ತರಚಿ, ಟೋಪಿ ಚರಂಡಿಯ ಪಾಲಾಗಿ ಬಂದವರು ಬೀದಿಗೆ ಬೀದಿಯೇ ಕೇಳುವಂತೆ, "ಕೈಗೆ ಸಿಕ್ಕಿದ್ದ! ಕಾಲರ್ ಹಿಡಿದಿದ್ದೆ! ಎಣ್ಣೆ ಹಚ್ಕೊಂಡಿದ್ದಾನೆ, ಜಾರಿಬಿಟ್ಟ!" ಎಂದರು. ಕಾಲರ್‌ಗೆ ಯಾರು ಎಣ್ಣೆ ಹಚ್ಚುತ್ತಾರೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಹೀಗೆ ಮೋಡಣ್ಣನ ಅರ್ಧ ಅಕ್ಷರಕ್ಕೆ ಕಾಲು ಬಂತು, ದೊಣ್ಣೆ ಬಂತು, ಎಣ್ಣೆಯೂ ಬಂತು. ಅವನು ದಪ್ಪ ಮೀಸೆಯವನು ಎಂದು ಒಬ್ಬರು, ಮೀಸೆ ಬೋಳಿಸಿಕೊಂಡ ಎಂದು ಇನ್ನೊಬ್ಬರು. ಮಕ್ಕಳನ್ನು ಬೀದಿಗೆ ಬಿಡುವುದು ನಿಂತಿತು. ಸಂಜೆಯಾದರೆ ಕಿಟಕಿಗಳೆಲ್ಲ ಮುಚ್ಚಿಕೊಂಡು, ಬೀದಿ ತನ್ನಷ್ಟಕ್ಕೆ ತಾನು ಬೆಳಕನ್ನು ಹಾಸಿಕೊಂಡು ಮಲಗಿರುತ್ತಿತ್ತು.

ಮತ್ತು ಮೋಡಣ್ಣನ ಮನೆಯಲ್ಲಿ ಛತ್ರಿ ಮೂಲೆ ಸೇರಿತು.

"ಅಮ್ಮ, ನೀನು ಹೊರಗೆ ಕಾಲಿಡಕೂಡದು," ಎಂದಳು ಹೆಂಡತಿ. "ಕಣ್ಣಿರೋರನ್ನೇ ಬಿಡ್ತಿಲ್ಲ ಅವನು."

ಅತ್ತೆ ವಾದ ಮಾಡಲಿಲ್ಲ. ಸಂಜೆ ಹೊರಡುವ ಹೊತ್ತಿಗೆ ಎದ್ದು, ಬಾಗಿಲ ತನಕ ಬಂದು, ಚಿಲಕವನ್ನು ಒಮ್ಮೆ ಮುಟ್ಟಿ, ಮತ್ತೆ ಕುರ್ಚಿಗೆ ಹೋಗಿ ಕೂರುತ್ತಿದ್ದರು. ಮೋಡಗಳ ವಿಚಾರ ಕೇಳುವುದೂ ಕಡಿಮೆಯಾಯಿತು. ಒಂದು ದಿನ ಮೋಡಣ್ಣನೇ ತಾನಾಗಿ, "ಅತ್ತೆ, ಇವತ್ತು ಒಂದು ತೊಟ್ಟಿಲಿನಂಥ..." ಎಂದು ಶುರು ಮಾಡಿದ. "ಆಗ್ಲಿ ಅಳಿಯಂದ್ರೇ," ಎಂದರು ಅವರು. ಅಷ್ಟೇ. ತೊಟ್ಟಿಲು ಖಾಲಿಯಿತ್ತೋ ತುಂಬಿತ್ತೋ ಎಂದು ಕೇಳಲಿಲ್ಲ.

ಅದಾದ ಮೇಲೆ ಹೆಂಡತಿ ಒಂದು ನಿರ್ಧಾರಕ್ಕೆ ಬಂದಳು. ದೂರದ ಊರಿನಲ್ಲಿ ಅವಳ ಅಣ್ಣನಿದ್ದ. ಅವನ ಮನೆ ನಾಲ್ಕನೆಯ ಮಹಡಿಯಲ್ಲಿ. ಕೆಳಗೆ ಕಾವಲುಗಾರ, ಬಾಗಿಲಿಗೆ ಎರಡು ಬೀಗ. "ಭಾನುವಾರ ಅಣ್ಣ ಬಂದು ಕರ್ಕೊಂಡು ಹೋಗ್ತಾನೆ. ಇನ್ಮೇಲೆ ಅಮ್ಮ ಅಲ್ಲೇ ಇರ್ಲಿ."

ಎರಡು ಬೀಗದ ಹಿಂದೆ, ನಾಲ್ಕು ಮಹಡಿಯ ಮೇಲೆ, ಮೋಡಗಳಿಗೆ ಅಷ್ಟು ಹತ್ತಿರ ಕೂತೂ ಅವು ಹೇಗಿವೆ ಎಂದು ಹೇಳುವವರಿಲ್ಲದೆ ಅತ್ತೆ ಇರುವುದನ್ನು ಮೋಡಣ್ಣ ಕಲ್ಪಿಸಿಕೊಂಡ. ಕಸುಬು ಹೋದರೆ ಹೋಗಲಿ ಎಂದುಕೊಂಡು ನೇರವಾಗಿ ಠಾಣೆಗೆ ನಡೆದ.

ಪೇದೆಯವರು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದರು.

"ಪೇದೆಯವರೇ, ಅಂಥವನು ಇಲ್ಲವೇ ಇಲ್ಲ. ನಾನು ಗಾಜಿಗೆ ಹೋಗಿ ಡಿಕ್ಕಿ ಹೊಡೆದೆ."

ಪೇದೆಯವರು ಅವನನ್ನು ಕರುಣೆಯಿಂದ ನೋಡಿದರು. "ಬೆದರಿಸಿದ್ನಾ?"

"ಯಾರು?"

"ಅವನು. ದೂರು ವಾಪಸ್ ತಗೋ ಅಂತ ಬೆದರಿಸಿದ್ನಾ? ಹೆದರಬೇಡಪ್ಪ."

"ಇಲ್ಲ, ನಿಜವಾಗ್ಲೂ ಅವನು ಇಲ್ಲ!"

"ಹಾಗಾದ್ರೆ ನನ್ನ ಕೆಡವಿದ್ದು ಯಾರು?" ಪೇದೆಯವರು ಮೊಣಕಾಲನ್ನು ತೋರಿಸಿದರು. "ಮೇಷ್ಟ್ರ ಹಣೆಗೆ ಬಾರಿಸಿದ್ದು ಯಾರು? ದರ್ಜಿನ ನೂಕಿದ್ದು ಯಾರು?"

ಮೋಡಣ್ಣ ಬೆರಗಾಗಿ ನಿಂತ. ಅದು ಅವನಿಗೆ ಹೊಳೆದೇ ಇರಲಿಲ್ಲ. ಹೌದಲ್ಲ, ಯಾರು? ತನ್ನದು ಸುಳ್ಳು, ನಿಜ. ಆದರೆ ಮೇಷ್ಟ್ರು ಸುಳ್ಳು ಹೇಳುತ್ತಾರೆಯೇ? ಪೇದೆ ಸುಳ್ಳು ಹೇಳುವುದುಂಟೆ? ಹಾಗಾದರೆ ತಾನು ಖಾಲಿ ಬಿಟ್ಟ ಜಾಗಕ್ಕೆ ಯಾರೋ ನಿಜವಾಗಿಯೇ ಬಂದು ಸೇರಿಕೊಂಡಿದ್ದಾನೆ! ನೀಲಿ ಅಂಗಿ ತೊಟ್ಟು, ಎಡಗೈಯಲ್ಲಿ ಬಟ್ಟೆ ಹಿಡಿದು, ಬಾಯಿ ತೆರೆದೂ ಮಾತಾಡದವನು. ಠಾಣೆಯಿಂದ ಮನೆಗೆ ಬರುವಷ್ಟರಲ್ಲಿ ಮೋಡಣ್ಣ ಹಿಂದೆ ತಿರುಗಿ ನೋಡಿದ್ದೇ ನೋಡಿದ್ದು. ಆವತ್ತು ಆಕಾಶದಲ್ಲಿ ಏನಿತ್ತೆಂಬುದು ಅವನಿಗೆ ಇಂದಿಗೂ ಗೊತ್ತಿಲ್ಲ. ಅವನ ಆಯುಷ್ಯದಲ್ಲಿ ಅಂಥ ಸಂಜೆ ಅದೊಂದೇ.

ಶನಿವಾರ ಬಂತು. ಅತ್ತೆಯ ಪೆಟ್ಟಿಗೆ ಬಾಗಿಲ ಪಕ್ಕದಲ್ಲಿ ಸಿದ್ಧವಾಗಿತ್ತು.

"ನನಗೊಂದು ಆಸೆ," ಎಂದರು ಅವರು. "ಹೋಗೋ ಮುಂಚೆ ಒಂದು ಸಲ ಬೆಂಚಿನ ತನಕ ಹೋಗಿ ಬರ್ತೀನಿ."

"ಅಮ್ಮ!"

"ಬೇಕಾದ್ರೆ ಪೇದೆಯವರನ್ನೂ ಕರ್ಕೊಂಡು ಹೋಗ್ತೀನಿ ಕಣೇ."

ಸುದ್ದಿ ದರ್ಜಿಗೆ ಮುಟ್ಟಿತು. ದರ್ಜಿಗೆ ಮುಟ್ಟಿದ್ದು ಬೀದಿಗೆ ಮುಟ್ಟಿತು. ಇಳಿಸಂಜೆಯ ಹೊತ್ತಿಗೆ ಮನೆಯ ಮುಂದೆ ಒಂದು ದಂಡೇ ನೆರೆದಿತ್ತು. ದರ್ಜಿ ಕುಂಟುತ್ತಾ ಬಟ್ಟೆ ಅಳೆಯುವ ಮರದ ಕೋಲು ಹಿಡಿದಿದ್ದ. ಮೇಷ್ಟ್ರು ಹಣೆಗೆ ಪಟ್ಟಿ ಕಟ್ಟಿಕೊಂಡು, ಸುರುಳಿ ಸುತ್ತಿದ ಪತ್ರಿಕೆಯನ್ನು ಕತ್ತಿಯಂತೆ ಹಿಡಿದಿದ್ದರು. ಪೇದೆಯವರ ಕೈಯಲ್ಲಿ ಲಾಠಿ. ಬ್ರೆಡ್ ಅಂಗಡಿಯ ಅಕ್ಕ ಒಲೆಯಿಂದ ಬ್ರೆಡ್ ಎಳೆಯುವ ಉದ್ದನೆಯ ಸೌಟನ್ನೇ ತಂದಿದ್ದಳು. ಮೋಡಣ್ಣನಿಗೆ ಬೇರೇನೂ ಸಿಗದೆ ಕೆಲಸದ ಚೀಲದಿಂದ ಸುಣ್ಣದ ಡಬ್ಬಿಯನ್ನು ಎತ್ತಿಕೊಂಡಿದ್ದ.

ಮುಂದೆ ಅತ್ತೆ. ಟಕ್, ಟಕ್, ಟಕ್. ಹಿಂದೆ ದಂಡು, ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಮೇಲಕ್ಕೆ ನೋಡುತ್ತಾ. ಬೆನ್ನ ಹಿಂದೆ ಸೂರ್ಯ ಇಳಿಯುತ್ತಿದ್ದ. ಎಲ್ಲರ ನೆರಳೂ ಉದ್ದವಾಗಿ, ಮೆತ್ತಗೆ, ಅವರಿಗಿಂತ ಮೊದಲೇ ಬೀದಿಯ ಕೊನೆಗೆ ಹೊರಟಿತ್ತು. ಎಷ್ಟೋ ದಿನದಿಂದ ಯಾರೂ ನಡೆಯದ ಬೀದಿ ಹೊಂಬಣ್ಣದ ನೀರಿನಂತೆ ಸುಮ್ಮನೆ ಮಲಗಿತ್ತು.

ದರ್ಜಿಯ ಅಂಗಡಿಯ ಮುಂದೆ ಛತ್ರಿ ನಿಂತಿತು. "ಇಲ್ಲಿ ಮೆಟ್ಟಿಲು ಮುಂದಕ್ಕೆ ಚಾಚಿದೆ. ಹುಷಾರು," ಎಂದರು ಅತ್ತೆ. "ತಿರುಗಿ ನೋಡ್ತಾ ಇಳಿದ್ರೆ ಕಾಲು ಉಳುಕೋದೇ."

ದರ್ಜಿಗೆ ಕೆಮ್ಮು ಬಂತು.

ಬ್ರೆಡ್ ಅಂಗಡಿ ಬಂತು. ಅತ್ತೆ ಛತ್ರಿಯನ್ನು ಮೇಲೆತ್ತಿ ಸವರಿದರು. ತಗಡು ಗಣ್ ಎಂದಿತು. "ಷಟರ್ ಅರ್ಧ ಇಳಿದಿದೆ. ಉದ್ದ ಇರೋರು ತಲೆ ಬಗ್ಗಿಸಿ. ಈ ಕಬ್ಬಿಣ ತಗುಲಿದ್ರೆ ದೊಣ್ಣೆ ಪೆಟ್ಟಿನ ಹಾಗೇ ಇರುತ್ತೆ."

ಮೇಷ್ಟ್ರು ಪತ್ರಿಕೆಯನ್ನು ಬಿಚ್ಚಿ ಓದತೊಡಗಿದರು.

ಚರಂಡಿ ಬಂತು. ಟಕ್ ಎನ್ನಬೇಕಾದ ಛತ್ರಿ ಡುಬ್ ಎಂದಿತು. "ಈ ಚಪ್ಪಡಿ ಆಡುತ್ತೆ. ದಾಟಿಕೊಂಡು ಬನ್ನಿ. ಮೇಲೆ ನೋಡ್ತಾ ಕಾಲಿಟ್ರೆ ಮೊಣಕಾಲು ಹೋಗುತ್ತೆ. ಪೇದೆಯವರೇ, ಕೇಳಿಸ್ತಾ?"

"ಕೇಳಿಸ್ತು," ಎಂದರು ಪೇದೆಯವರು ಸಣ್ಣ ದನಿಯಲ್ಲಿ.

ಒಬ್ಬರ ಮುಖ ಒಬ್ಬರು ನೋಡಿಕೊಳ್ಳದಂತೆ ದಂಡು ಮುಂದೆ ಸರಿಯಿತು. ಎಲ್ಲರಿಗೂ ಏನೋ ಒಂದು ಅರ್ಥವಾಗತೊಡಗಿತ್ತು, ಯಾರಿಗೂ ಅದು ಬೇಕಾಗಿರಲಿಲ್ಲ. ಅಷ್ಟರಲ್ಲಿ ಬ್ರೆಡ್ ಅಂಗಡಿಯ ಅಕ್ಕ ಕಿರುಚಿದಳು.

"ಅಯ್ಯಯ್ಯೋ! ಅಲ್ಲಿ ನೋಡಿ!"

ಬೀದಿಯ ಕೊನೆಯಿಂದ ಒಂದು ಗುಂಪು ಇವರ ಕಡೆಗೇ ಬರುತ್ತಿತ್ತು. ಒಬ್ಬನ ಕೈಯಲ್ಲಿ ಕೋಲು. ಒಬ್ಬನ ತಲೆಗೆ ಪಟ್ಟಿ. ಈಟಿಯಂಥದ್ದು ಹಿಡಿದ ಒಬ್ಬ ಹೆಂಗಸೂ ಇದ್ದಳು. ಮೈಮೇಲೆಲ್ಲ ಸಂಜೆಯ ಬೆಂಕಿ ಬಣ್ಣ, ಹಿಂದೆ ಉರಿಯುವ ಆಕಾಶ. ಒಬ್ಬರೂ ಮಾತಾಡುತ್ತಿಲ್ಲ.

"ಒಬ್ಬನಲ್ಲ, ದೊಡ್ಡ ತಂಡ!" ಎಂದ ದರ್ಜಿ.

"ನಿಲ್ಲಿ!" ಪೇದೆಯವರು ಲಾಠಿ ಎತ್ತಿದರು. ಎದುರಿನ ಗುಂಪಿನಲ್ಲೂ ಒಬ್ಬ ಲಾಠಿ ಎತ್ತಿದ. "ನಿಲ್ಲದಿದ್ರೆ ಹಿಡೀತೀನಿ!" ಅವನೂ ಬಾಯಾಡಿಸಿದ. ಶಬ್ದ ಬರಲಿಲ್ಲ.

"ಶಬ್ದವಿಲ್ಲ! ಅವರೇ!" ಎಂದರು ಮೇಷ್ಟ್ರು, ಮತ್ತು ದರ್ಜಿಯ ಬೆನ್ನ ಹಿಂದೆ ಸರಿದರು. ಎದುರಿನವರಲ್ಲೂ ಒಬ್ಬ ಹೆದರಿ ಹಿಂದೆ ಸರಿದದ್ದನ್ನು ಅವರು ಗಮನಿಸಲಿಲ್ಲ.

ಎಲ್ಲರೂ ನಿಂತಾಯಿತು. ಅತ್ತೆ ಮಾತ್ರ ನಿಲ್ಲಲಿಲ್ಲ. ಟಕ್, ಟಕ್, ಟಕ್. ಕಣ್ಣು ಕಾಣದವರು, ಎದುರಿಗೆ ಏನಿದೆಯೆಂದು ಗೊತ್ತಿಲ್ಲದವರು, ನೇರವಾಗಿ ಆ ಗುಂಪಿನ ಕಡೆಗೇ. ಮೋಡಣ್ಣ ಧೈರ್ಯಸ್ಥನಲ್ಲ. ಆದರೆ ಆ ಟಕ್ ಟಕ್ ನಿಂತುಹೋದರೆ ಮನೆಗೆ ಹೋಗಿ ಯಾರಿಗೆ ಏನು ಹೇಳುವುದು? "ಅತ್ತೆ!" ಎಂದು ಕೂಗಿ ಓಡಿದ. ಎದುರಿನಿಂದಲೂ ಒಬ್ಬ ಓಡಿಬಂದ. ನೀಲಿ ಅಂಗಿ. ಎಡಗೈಯಲ್ಲಿ ಬಟ್ಟೆಯಿಲ್ಲ, ಒಂದು ಡಬ್ಬಿ. ಊದಿದ ಮೂಗು.

ಆ ಮೂಗನ್ನು ಕಂಡು ಮೋಡಣ್ಣನ ಕಾಲು ತಾನಾಗಿ ನಿಂತಿತು. ಅವನ ಜೀವನದಲ್ಲಿ ಕಾಲು ಸಮಯಕ್ಕೆ ಸರಿಯಾಗಿ ನಿಂತದ್ದು ಅದೇ ಮೊದಲು.

ಅತ್ತೆ ಛತ್ರಿಯನ್ನು ಮುಂದಕ್ಕೆ ಚಾಚಿದರು.

ಟಣ್.

"ಗಾಜು," ಎಂದರು.

ದಂಡು ನಿಧಾನವಾಗಿ ಹತ್ತಿರ ಬಂತು. ಗಾಜಿನೊಳಗಿನ ದಂಡೂ ಹತ್ತಿರ ಬಂತು. ಮೇಷ್ಟ್ರು ಮೇಷ್ಟ್ರನ್ನು ನೋಡಿದರು. ದರ್ಜಿ ದರ್ಜಿಯನ್ನು ನೋಡಿದ. ಎರಡೂ ಕಡೆಯವರು ತಮ್ಮ ತಮ್ಮ ಆಯುಧಗಳನ್ನು ಒಟ್ಟಿಗೇ ಕೆಳಗಿಳಿಸಿದರು.

"ಅಳಿಯಂದ್ರೇ, ಇದು ನೀವು ಕೂರಿಸಿದ ಗಾಜಲ್ವಾ?"

"ಹೌದು ಅತ್ತೆ."

"ಸುಣ್ಣದ ಗುರುತು ಎಲ್ಲಿ?"

"ಒರೆಸಿಬಿಟ್ಟೆ."

ಅತ್ತೆ ಕೈ ಚಾಚಿ ಗಾಜನ್ನು ಸವರಿದರು. ಮೋಡಣ್ಣನ ಮುಖದ ಎತ್ತರಕ್ಕೆ ಬಂದಾಗ ಬೆರಳು ನಿಂತಿತು. ಅಲ್ಲೊಂದು ಜಿಡ್ಡಿನ ಗುರುತಿತ್ತು. ಮೂಗಿನದು. ಪಳಗಿದ ಕೈಯವನು ಅದನ್ನು ಒರೆಸಲು ಮರೆತಿದ್ದ.

"ಆವತ್ತು ಯಾವ ಮೋಡ ಇತ್ತು?" ಎಂದು ಕೇಳಿದರು.

"ದೋಣಿ. ಇನ್ನೇನು ಇಳಿಬೇಕು ಅಂತ ಹೊರಟು, ಬೇಡ ಅಂತ ನಿಂತಿತ್ತು."

"ಬಿಳಿಯದಾ?"

"ತಳದಲ್ಲಿ ಒಂಚೂರು ನೀಲಿ."

ಅತ್ತೆ ತಲೆಯಾಡಿಸಿದರು. "ಅಂಥದ್ದಿದ್ರೆ ನೋಡ್ಲೇಬೇಕು. ಆದ್ರೆ ನಿಂತ್ಕೊಂಡು ನೋಡಿ ಅಳಿಯಂದ್ರೇ. ಮೋಡ ಓಡಿದ್ರೂ ನೀವು ಓಡಬೇಡಿ. ನಡೆಯೋಕೆ ಶುರು ಮಾಡಿದ್ಮೇಲೆ ಕಾಲಿಡೋ ಜಾಗ ನೋಡಿ."

ಅಷ್ಟರಲ್ಲಿ ಗಾಜಿನ ಬಾಗಿಲು ತೆರೆಯಿತು. ಅದರೊಂದಿಗೆ ಆಕಾಶ, ದಂಡು, ಬೀದಿ ಎಲ್ಲವೂ ಒಂದು ಕಡೆಗೆ ವಾಲಿ ಸರಿದವು. ಒಳಗಿನಿಂದ ಹಲ್ಲಿನ ಡಾಕ್ಟರು ಬಿಳಿ ಕೋಟಿನಲ್ಲಿ ಹೊರಬಂದರು. ಪಟ್ಟಿ ಕಟ್ಟಿದ ತಲೆ, ಕುಂಟುವ ಕಾಲು, ಊದಿದ ಮೂಗು, ನೋವಿನ ಮುಖಗಳ ಇಷ್ಟು ದೊಡ್ಡ ಸಾಲನ್ನು ಕಂಡು ಅವರ ಕಣ್ಣು ತುಂಬಿ ಬಂತು.

"ಬನ್ನಿ, ಬನ್ನಿ," ಎಂದರು. "ಒಬ್ಬೊಬ್ಬರಾಗಿ ಬನ್ನಿ. ಯಾರಿಗೆ ಜಾಸ್ತಿ ನೋವು?"

ಯಾರೂ ಮುಂದೆ ಬರಲಿಲ್ಲ. ಎಲ್ಲರಿಗೂ ನೋವಿತ್ತು, ಆದರೆ ಅದು ಹಲ್ಲಿನದಲ್ಲ. ಕೊನೆಗೆ ಪೇದೆಯವರೇ ಎದೆ ಸೆಟೆಸಿ ನಿಂತು, ಸರ್ಕಾರಿ ದನಿಯಲ್ಲಿ, "ಆರೋಪಿ ಊರು ಬಿಟ್ಟು ಹೋಗಿದ್ದಾನೆ. ಪ್ರಕರಣ ಮುಗೀತು," ಎಂದರು.

"ನನಗೂ ಹಾಗೇ ಅನ್ನಿಸ್ತು," ಎಂದರು ಮೇಷ್ಟ್ರು.

"ಓಡೋದನ್ನ ನಾನೇ ನೋಡಿದೆ," ಎಂದ ದರ್ಜಿ.

ಮೋಡಣ್ಣ ಬಗ್ಗಿ, ಡಬ್ಬಿಯ ಮುಚ್ಚಳ ತೆಗೆದು, ಬೆರಳನ್ನೇ ಸುಣ್ಣದಲ್ಲಿ ಅದ್ದಿ, ಗಾಜಿನ ಈ ಮೂಲೆಯಿಂದ ಆ ಮೂಲೆಗೆ, ಆಕಾಶದ ಮೇಲೆ ಅಡ್ಡಡ್ಡವಾಗಿ ಒಂದು ದೊಡ್ಡ ಕತ್ತರಿ ಗುರುತು ಎಳೆದ. ಡಾಕ್ಟರು ಅಯ್ಯೋ ಎಂದರು. ಅವರಿಗೆ ಯಾರೂ ಏನೂ ವಿವರಿಸಲಿಲ್ಲ.

ಮನೆಗೆ ಬಂದ ಅತ್ತೆ ಬಾಗಿಲ ಪಕ್ಕದ ಪೆಟ್ಟಿಗೆಯನ್ನು ಛತ್ರಿಯಿಂದ ತಟ್ಟಿ, "ಇದನ್ನ ಇಲ್ಲಿಂದ ತೆಗೀರಿ, ಯಾರಾದ್ರೂ ಎಡವಿ ಬೀಳ್ತಾರೆ," ಎಂದರು. ಹೆಂಡತಿ ಗಂಡನ ಮೂಗನ್ನು ನೋಡಿದಳು, ಅಮ್ಮನ ಮುಖವನ್ನು ನೋಡಿದಳು, ಪೆಟ್ಟಿಗೆಯನ್ನು ಒಳಗೆ ತೆಗೆದುಕೊಂಡು ಹೋದಳು. ಮಾರನೆಯ ದಿನ ಅಣ್ಣ ಬಂದ. ಊಟ ಮಾಡಿ, ನಿದ್ದೆ ಮಾಡಿ, ಒಬ್ಬನೇ ವಾಪಸಾದ.

ಯಜಮಾನರಿಗೆ ಮೋಡಣ್ಣ ಎಲ್ಲವನ್ನೂ ಹೇಳಿದ. ಅವರು ಹುಬ್ಬು ಗಂಟಿಕ್ಕಿ ಕೇಳಿದರು. "ಗಾಜು ಒಡೀತಾ?" ಎಂದರು. "ಇಲ್ಲ," ಎಂದ. "ಹಾಗಾದ್ರೆ ಒಳ್ಳೇ ಕೆಲಸ. ಹೋಗು, ಆ ಕಿಟಕಿ ಕಾಯ್ತಿದೆ," ಎಂದರು.

ಅದೇ ವಾರದಲ್ಲಿ ಆ ಬೀದಿಯ ಜನ ಒಬ್ಬೊಬ್ಬರಾಗಿ, ಇನ್ನೊಬ್ಬರಿಗೆ ಕಾಣದಂತೆ, ಮೋಡಣ್ಣನ ಹತ್ತಿರ ಬಂದು ಒಂದಿಷ್ಟು ಸುಣ್ಣ ಕೇಳಿಕೊಂಡು ಹೋದರು. ಯಾಕೆಂದು ಅವನು ಕೇಳಲಿಲ್ಲ, ಅವರೂ ಹೇಳಲಿಲ್ಲ. ದರ್ಜಿಯ ಮೆಟ್ಟಿಲಿನ ಅಂಚಿಗೆ ಒಂದು ಬಿಳಿ ಪಟ್ಟಿ ಬಂತು. ಬ್ರೆಡ್ ಅಂಗಡಿಯ ಷಟರ್‌ಗೆ, ಸರಿಯಾಗಿ ಮೇಷ್ಟ್ರ ಹಣೆಯ ಎತ್ತರಕ್ಕೆ, ಒಂದು ಗೆರೆ ಬಂತು. ಆಡುವ ಚಪ್ಪಡಿಯ ಮೇಲೆ ಪೇದೆಯವರು ತಮ್ಮ ಕೈಯಾರೆ ಒಂದು ಕತ್ತರಿ ಗುರುತು ಎಳೆದು, ಸುತ್ತ ನೋಡಿ, ಹೊರಟುಹೋದರು. ಇಡೀ ಬೀದಿ ಬಿಳಿ ಗುರುತುಗಳಿಂದ ತುಂಬಿ, ಸಂಜೆಯ ಬೆಳಕಿನಲ್ಲಿ ಯಾರೋ ಅರ್ಧ ಬಿಡಿಸಿಟ್ಟ ರಂಗೋಲಿಯಂತೆ ಕಾಣುತ್ತಿತ್ತು. ಮಕ್ಕಳು ಅವುಗಳ ಮೇಲೆ ಕುಪ್ಪಳಿಸಿ ಆಡತೊಡಗಿದರು. ಎದುರಿನಿಂದ ಬರುವ ಆ ಮನುಷ್ಯನನ್ನು ಆಮೇಲೆ ಯಾರೂ ನೋಡಲಿಲ್ಲ.

ಒಂದು ಸಂಜೆ ಅತ್ತೆ ಬೆಂಚಿನಿಂದ ವಾಪಸು ಬಂದು ಕುರ್ಚಿಯಲ್ಲಿ ಕೂತು, "ಅಳಿಯಂದ್ರೇ, ಇವತ್ತು ಮೇಲೆ ಏನಿತ್ತು?" ಎಂದು ಕೇಳಿದರು.

"ಅತ್ತೆ, ಅದ್ಭುತ!" ಎಂದು ಮೋಡಣ್ಣ ಬಾಗಿಲಲ್ಲೇ ನಿಂತು ಶುರು ಮಾಡಿದ. ಕೈಯೆತ್ತಿ ತೋರಿಸುತ್ತಾ ಒಂದು ಹೆಜ್ಜೆ ಮುಂದಿಟ್ಟ. ಅಲ್ಲಿ ಅವನೇ ಇಟ್ಟ ಸುಣ್ಣದ ಡಬ್ಬಿ ಇತ್ತು.

ಸದ್ದು ಕೇಳಿ ಅಡುಗೆಮನೆಯಿಂದ ಹೆಂಡತಿ ಓಡಿಬಂದಳು. ಮೊಣಕಾಲಿನ ತನಕ ಬೆಳ್ಳಗಾಗಿ ನಿಂತಿದ್ದ ಗಂಡನನ್ನು ನೋಡಿ, "ಯಾರ್ರೀ ಹೊಡೆದಿದ್ದು?" ಎಂದಳು.

ಮೋಡಣ್ಣ ಕೆಳಗೆ ನೋಡಿದ. ಆಮೇಲೆ ಬಹಳ ಪ್ರಾಮಾಣಿಕವಾಗಿ, "ನಾನೇ," ಎಂದ.

"ಪರವಾಗಿಲ್ಲ," ಎಂದರು ಅತ್ತೆ ಕುರ್ಚಿಯಿಂದ. "ಈಗ ನಿಂತಿದ್ದೀರಲ್ಲ, ಹೇಳಿ. ಯಾವ ಆಕಾರದ್ದು?"